ಹೆಗ್ಡೇರ ತೋಟದ ಬಾವಿ

ಮಂಜಯ್ಯ ಹೆಗ್ಡೆಯವರು ತನ್ನನ್ನು ‘ನೀವು’ ಎಂದಾಗಲೇ ವನಜಳಿಗೆ ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು.

ಮೀನಿನ ಬುಟ್ಟಿ ಹೊತ್ತು ಅವರ ಮನೆಯ ಹಿಂಬಾಗಿಲಿಗೆ ಹೋಗುತ್ತಿದ್ದ ಅಷ್ಟೂ ವರ್ಷ ಅವರಿಗೆ ಅವಳು ಬರೀ ‘ಹೆಣೆ’, ಹೆಣ್ಣಾಳನ್ನು ಕೂಗುವ ಏಕವಚನ. ಅವಳು ಪಂಚಾಯತಿ ಮೆಂಬರಾದ ಮೇಲೆ ಅದೂ ನಿಂತು, ಎದುರು ಸಿಕ್ಕರೆ ಮುಖ ತಿರುಗಿಸಿ ಹೋಗುತ್ತಿದ್ದರು. ಈಗ ಅವಳ ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಒಣಗಲು ಹಾಕಿದ್ದ ಮೀನಿನ ವಾಸನೆಗೆ ಮೂಗೂ ಮುರಿಯದೆ, ಅವಳು ಕೊಟ್ಟ ಚಹಾ ಕುಡಿಯುತ್ತಿದ್ದರು. ಚಹಾದಲ್ಲಿ ಉಪ್ಪಿನ ರುಚಿಯಿತ್ತು. ಪಡುಕೇರಿಯಲ್ಲಿ ಯಾರ ಮನೆಯ ಚಹಾವೂ ಹಾಗೆಯೇ. ಸಮುದ್ರ ಅಲ್ಲಿನ ಬಾವಿಗಳ ಒಳಗೆ ಬಂದು ಕೂತು ಬಹಳ ಕಾಲವಾಗಿತ್ತು.

"ಇದ್ನೇ ಹೇಳುಕೆ ಬಂದದ್ದ್ ಕಾಣಿ," ಎಂದು ಹೆಗ್ಡೆಯವರು ಲೋಟ ಎತ್ತಿ ತೋರಿಸಿದರು. "ಈ ನೀರ್ ಕುಡ್ಕಂಡ್ ನಿಮ್ಮ ಮಕ್ಕಳ್ ಹ್ಯಾಂಗ್ ಬದ್ಕುದ್? ನಮ್ಮ ಕೆಳಗಿನ ತೋಟದ ಬಾಮಿ ಪಂಚಾಯ್ತಿಗೆ ಬರ್ದ್ ಕೊಡ್ತೆ. ಬಾಮಿ, ಸುತ್ತಲಿನ ಹತ್ತ್ ಸೆಂಟ್ಸ್ ಜಾಗ. ನಂಗೆಂತ ಬ್ಯಾಡ."

"ಹ್ವಾದ ವರ್ಷ ನಾವೇ ಬಂದ್ ಕೇಂಡದ್ದಿತ್ತ್, ಹೆಗ್ಡೇರೆ. ಕೊಡುಕಾತಿಲ್ಲ ಅಂದಿದ್ರಿ."

"ಅದ್ ಹ್ವಾದ ವರ್ಷ," ಎಂದು ಅವರು ನಕ್ಕರು. "ವಯಸ್ಸಾತ್ ಬಂತ್. ಒಂಚೂರ್ ಪುಣ್ಯ ಬ್ಯಾಡ್ದಾ?"

ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು ನೆಲೆಸಿದ ಮನುಷ್ಯ. ತೋಟದಲ್ಲಿ ಬಿದ್ದ ತೆಂಗಿನ ಮಡಲನ್ನೂ ಹೊರಗಿನವರಿಗೆ ಬಿಟ್ಟವರಲ್ಲ. ಅವರ ಕಾರು ದಾರಿ ತಿರುಗುವ ತನಕ ವನಜ ಖಾಲಿ ಲೋಟ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದಳು.

ಕೇರಿಗೆ ಸುದ್ದಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಲ್ಲಿ ನೀರಿನ ಯೋಜನೆ ಮಂಜೂರಾಗಿ ಕೂತಿತ್ತು. ಸಿಹಿ ಬಾವಿಯೊಂದು ಸಿಕ್ಕದೆ ಕೆಲಸ ನಿಂತಿತ್ತು. ಪಕ್ಕದ ಮನೆಯ ರತ್ನ, ಅವಳೊಡನೆ ತೆಕ್ಕಟ್ಟೆ ಪೇಟೆಯಲ್ಲಿ ಮೀನು ಮಾರುವವಳು, ಓಡಿ ಬಂದು ಅವಳ ಕೈ ಹಿಡಿದಳು. "ಇನ್ನ್ ಟ್ಯಾಂಕರಿಗೆ ಕಾದ್ ಸಾಯುದ್ ತಪ್ಪಿತ್ ಮಾರಾಯ್ತಿ. ನಿನ್ನ ಆರ್ಸಿ ತಂದದ್ದ್ ದಂಡ ಆಯ್ಲಿಲ್ಲ."

ವನಜ ನಕ್ಕಳು. ಆದರೆ ನಿದ್ದೆಯಲ್ಲೂ ಅದೇ ಯೋಚನೆ. ಸಮುದ್ರದ ಬದಿಗೆ ರಸ್ತೆ ಮಾಡಿಸಿಕೊಳ್ಳುವ ಉಪಾಯವೇ? ಬಾವಿಯ ನೀರೇ ಕೆಟ್ಟಿದೆಯೇ? ಬರುವ ಚುನಾವಣೆಗೆ ನಿಲ್ಲುತ್ತಾರೆಯೇ? ಅಧ್ಯಕ್ಷ ಪ್ರೇಮಾನಂದನನ್ನು ಕೇಳಿದರೆ ಅವನು ಕೈಬೀಸಿದ. "ಕೊಡುವವ್ರ್ ಕೊಡುವಾಗ ಎಂತಕೆ ಅಂದೇಳಿ ಕೇಂಬುದಾ? ಶುಕ್ರವಾರ ಮೀಟಿಂಗ್. ನಿಮ್ಮ ವಾರ್ಡ್, ನೀವೇ ಸೂಚಿಸಿ. ಶಾಲು ನಾನ್ ತರ್ಸಿದ್ದೆ."

ಸನ್ಮಾನದ ಶಾಲು ಆಗಲೇ ಬಂದಾಗಿದೆ ಎಂದು ಕೇಳಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಮೀಟಿಂಗಿನ ಹಿಂದಿನ ದಿನ ಮಧ್ಯಾಹ್ನ, ಯಾರಿಗೂ ಹೇಳದೆ ಆ ತೋಟದ ಕಡೆ ನಡೆದಳು.

ಗೇಟಿಗೆ ಒಳಗಿನಿಂದ ಸರಪಳಿ ಹಾಕಿತ್ತು. ಬಾವಿಯ ಪಕ್ಕದಲ್ಲಿ, ಹಿಂದೆ ತೋಟ ಕಾಯುವವನಿಗೆಂದು ಕಟ್ಟಿದ್ದ ಹೆಂಚಿನ ಮನೆಯಿಂದ ಹೊಗೆ ಏಳುತ್ತಿತ್ತು. ಒಳ್ಳೆಯ ವಾಯಿಲ್ ಸೀರೆಯೊಂದು ಹಗ್ಗದ ಮೇಲೆ ಒಣಗುತ್ತಿತ್ತು. ಬಾವಿಯ ಕಟ್ಟೆಯ ಬಳಿ ನಿಂತಿದ್ದ ಹೆಂಗಸು ತಿರುಗಿ ನೋಡಿದಳು. ಹೆಗ್ಡೆಯವರ ತಂಗಿ ಗಿರಿಜಾ. ಗಂಡ ಸತ್ತ ಮೇಲೆ ಮುಂಬೈಯಿಂದ ಬಂದು ದೊಡ್ಡ ಮನೆಯಲ್ಲಿ ಅಣ್ಣನ ಜೊತೆಗಿದ್ದಾಳೆ ಎಂದೇ ಊರು ನಂಬಿತ್ತು.

"ಗುರ್ತ್ ಸಿಕ್ಕಿತಿಲ್ಯಾ ಗಿರಿಜಕ್ಕ? ನಾನ್, ಮೀನಿನ ವನಜ."

"ಗುರ್ತ್ ಸಿಕ್ಕಿತ್. ಈಗ ಮೆಂಬರ್ ಅಲ್ದಾ." ಗಿರಿಜಾ ಸರಪಳಿ ತೆಗೆಯಲಿಲ್ಲ. "ಅಳತಿ ಮಾಡುಕೆ ಬಂದದ್ದಾ?"

"ನೀರ್ ಕಾಂಬುಕೆ ಬಂದದ್ದ್."

"ಅಣ್ಣ ಕಳ್ಸಿದ್ರಾ?"

"ನಾನ್ ಬಂದದ್ದ್ ಅವ್ರಿಗೆ ಗೊತ್ತಿಲ್ಲ."

ಗಿರಿಜಾ ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಆಮೇಲೆ ಗೇಟು ಒಂದಾಳು ತೂರುವಷ್ಟು ತೆರೆಯಿತು.

"ಈ ತೋಟ ನಂಗೆ ಅಂದೇಳಿಯೇ ಅಮ್ಮ ಸತ್ತದ್ದ್," ಎಂದಳು ಗಿರಿಜಾ. "ಬಂದ್ ಪಾಲ್ ಕೇಂಡೆ. ದೊಡ್ಮನಿ ಬಾಗ್ಲ್ ಹಾಕಿದ್ರ್. ಇಲ್ ಬಂದ್ ಕೂತೆ. ನನ್ನ ಎಬ್ಸುಕೆ ಅಣ್ಣನ ಹತ್ರ ಆಯ್ಲಿಲ್ಲ. ಪಂಚಾಯ್ತಿ ಬಂದ್ರೆ ಎಬ್ಸತ್ತಲ್ದಾ. ಆ ಹತ್ತ್ ಸೆಂಟ್ಸಿನೊಳ್ಗೆ ಈ ಮನಿಯೂ ಬಂತ್." ಅವಳ ದನಿ ಏರಲಿಲ್ಲ. "ನಿಮ್ಮ ಕೇರಿ ಹೆಂಗ್ಸ್ರ್ ಕೊಡಪಾನ ಹಿಡ್ಕಂಡ್ ಎದ್ರ್ ನಿಂತ್ರೆ ನನ್ನ ಮಾತ್ ಯಾರ್ ಕೇಂತ್ರ್, ಹೇಳ್. ಅಣ್ಣ ಲೆಕ್ಕ ಹಾಕಿಯೇ ಕೊಟ್ಟದ್ದ್."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಮಾತುಗಳು ಮೊದಲೇ ಜೋಡಿಸಿಟ್ಟ ಹಾಗೆ ಬಂದವು. ಇವಳನ್ನು ಮಾತ್ರ ಹೇಗೆ ನಂಬುವುದು ಎಂದುಕೊಂಡಳು ವನಜ. ದೊಡ್ಡವರ ಮನೆಯ ಜಗಳದಲ್ಲಿ ಒಬ್ಬರು ಒಂದು ಕಡೆ ತನ್ನನ್ನು ಎಳೆದರೆ, ಇನ್ನೊಬ್ಬರು ಇನ್ನೊಂದು ಕಡೆ.

"ಒಂಚೂರ್ ನೀರ್ ಕೊಡಿನಿ," ಎಂದಳು.

ಗಿರಿಜಾ ಸೇದಿ ಬೊಗಸೆಗೆ ಹೊಯ್ದಳು. ಆಗತಾನೇ ಒಡೆದ ಎಳನೀರಿನಂಥ ನೀರು. ವನಜ ಎರಡನೆಯ ಬೊಗಸೆ ಕೇಳಲಿಲ್ಲ. ಅದು ಉಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿತು. ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುವ ವನಜಳ ಗಂಡ ಆ ದಿನ ಮನೆಯಲ್ಲಿದ್ದ. ಎಲ್ಲ ಕೇಳಿ, "ಅವ್ಳ್ ಹೇಳದ್ದೇ ಸತ್ಯ ಅಂದೇಳಿ ಯಾರ್ ಕಂಡದ್ದ್?" ಎಂದ.

"ಯಾರೂ ಕಾಣ್ಲಿಲ್ಲ."

"ಮತ್ತೆ?"

ವನಜ ಎದ್ದು ಅಂಗಳದ ಒಣಮೀನು ಒಳಗೆ ತರಲು ಹೋದಳು.

ಮೀಟಿಂಗಿನಲ್ಲಿ ಹೆಗ್ಡೆಯವರು ಅಧ್ಯಕ್ಷರ ಪಕ್ಕದಲ್ಲೇ ಕೂತಿದ್ದರು. ಕೇರಿಯ ಹೆಂಗಸರು ಬಾಗಿಲ ತನಕ ತುಂಬಿದ್ದರು. ರತ್ನ ಹಬ್ಬದ ಸೀರೆಯುಟ್ಟು ಎಲ್ಲರಿಗಿಂತ ಮುಂದೆ. ಪ್ರೇಮಾನಂದ ದಾನದ ಬಗ್ಗೆ ಉದ್ದಕ್ಕೆ ಮಾತಾಡಿ, ಸೂಚಿಸುವಂತೆ ವನಜಳಿಗೆ ಸನ್ನೆ ಮಾಡಿದ. ಅವಳು ಎದ್ದು ಮೇಜಿನ ಅಂಚು ಹಿಡಿದುಕೊಂಡಳು.

"ಅಲ್ಲಿ ಗಿರಿಜಕ್ಕ ಇದ್ರ್. ಹೆಗ್ಡೇರ ಜೊತಿಗೆ ಅವ್ರೂ ಒಪ್ಪಿ ಸಹಿ ಹಾಕ್ಲಿ. ಆಗ ನಾನ್ ಸೂಚಿಸ್ತೆ."

ಹೆಗ್ಡೆಯವರ ಮುಖದ ನಗು ಹಾಗೆಯೇ ಇತ್ತು. ಕಿವಿ ಮಾತ್ರ ಕೆಂಪಾಯಿತು. "ಅದ್ ನಮ್ಮ ಮನಿ ವಿಷ್ಯ," ಎಂದರು.

"ನಾನೂ ಅದೇ ಹೇಳುದ್. ಮನಿ ವಿಷ್ಯ ಮನಿಯಂಗೇ ಮುಗ್ಸ್ಕಂಡ್ ಬನ್ನಿ. ಮಧ್ಯ ನಮ್ಮ ಕೇರಿನ ನಿಲ್ಸುದ್ ಬ್ಯಾಡ."

"ನಿಂಗೆಂತ ಹೆಣೆ ಅಷ್ಟ್ ಸೊಕ್ಕ್?" ಎಂದು ಹೆಗ್ಡೆಯವರು ಎದ್ದರು. ಆ ‘ಹೆಣೆ’ ಕೇಳಿದ್ದೇ ವನಜ ಮೇಜಿನ ಅಂಚು ಬಿಟ್ಟಳು. ಗಿರಿಜಾ ಸುಳ್ಳು ಹೇಳಿರಲಿಲ್ಲ. ಒಳಗೇನೂ ಇಲ್ಲದಿದ್ದರೆ ತಂಗಿಯ ಹೆಸರೆತ್ತಿದ್ದಕ್ಕೆ ಯಾರೂ ಇಷ್ಟು ಬೇಗ ಬಣ್ಣ ಬಿಡುವುದಿಲ್ಲ. ಹಾಗೆಂದು ಅವಳು ತಿಳಿದುಕೊಂಡಳು. ಅಷ್ಟೇ ಅವಳಿಗೆ ಸಿಕ್ಕ ಸಾಕ್ಷಿ.

ಹೆಗ್ಡೆಯವರು ದಾನ ವಾಪಸು ಪಡೆದರು. ಯೋಜನೆ ಪಕ್ಕದ ವಾರ್ಡಿಗೆ ಹೋಯಿತು. ಅಲ್ಲಿ ಪೈಪಿಗಾಗಿ ಹೊಂಡ ತೋಡುವ ಸದ್ದು ಪಡುಕೇರಿಯ ತನಕ ಕೇಳುತ್ತಿತ್ತು. ರತ್ನ ಮಾತು ಬಿಟ್ಟಳು. ಬಿಡುವ ಮುಂಚೆ ಅಂಗಳಕ್ಕೆ ಬಂದು, ಮೆಲ್ಲಗೆ, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದಳು: "ಆ ತಂಗಿ ನಿಂಗೆಂತ ಕೊಟ್ಲ್ ವನಜ?" ಬೈದಿದ್ದರೆ ವನಜ ತಿರುಗಿ ಬೈಯುತ್ತಿದ್ದಳು. ಪೇಟೆಯಲ್ಲಿ ಅವಳ ಬುಟ್ಟಿಯ ಪಕ್ಕ ಒಬ್ಬಳು ಕೂರುವಷ್ಟು ಜಾಗ ಖಾಲಿ ಬೀಳತೊಡಗಿತು.

ಬೇಸಿಗೆ ಬಲಿತಿತು. ಟ್ಯಾಂಕರು ಬಂದರೆ ಬಂತು, ಇಲ್ಲವಾದರೆ ಇಲ್ಲ. ಅಣ್ಣ ತಂಗಿಯ ವ್ಯಾಜ್ಯ ಕುಂದಾಪುರದ ಕೋರ್ಟಿಗೆ ಹೋಗಿದೆ ಎಂದು ಬಸ್ಸಿನಲ್ಲಿ ಯಾರೋ ಹೇಳಿಕೊಳ್ಳುತ್ತಿದ್ದರು. ಮೂರು ದಿನ ಟ್ಯಾಂಕರು ಬಾರದಿದ್ದ ಮರುದಿನ ಬೆಳಿಗ್ಗೆ ಗಿರಿಜಾ ತಾನೇ ಕೇರಿಗೆ ಇಳಿದು ಬಂದಳು. ಎಂದೂ ಅಲ್ಲಿ ಕಾಲಿಡದವಳು, ಮರಳಲ್ಲಿ ಚಪ್ಪಲಿ ಹೂತು ಹೋಗಿ, ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ವನಜಳ ಮನೆಯೆದುರು ನಿಂತು, ನಾಲ್ಕು ಮನೆಗೆ ಕೇಳುವಷ್ಟು ದನಿಯಲ್ಲಿ ಹೇಳಿದಳು: "ಕೋರ್ಟಂಗೆ ತೀರ್ಮಾನ ಆಪಲ್ಲಿ ತನಕ ಬಾಮಿ ಯಾರ್ದೂ ಅಲ್ಲ. ನೀರ್ ತಕಂಡ್ ಹೋಯ್ನಿ."

ಯಾರೂ ಅಲುಗಾಡಲಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳಿಸಲು ಕರೆಯುತ್ತಾಳೋ ಏನೋ ಎಂದು ಒಬ್ಬಳು ಗೊಣಗಿದಳು. ವನಜ ಕೊಡಪಾನ ಎತ್ತಿಕೊಂಡು ಹೊರಟಳು. ತಿರುಗಿ ನೋಡಲಿಲ್ಲ, ಆದರೆ ಹಿಂದೆ ಮರಳಿನಲ್ಲಿ ಹೆಜ್ಜೆಗಳು ಒಂದೊಂದಾಗಿ ಸೇರುತ್ತಿರುವುದು ಕೇಳಿಸುತ್ತಿತ್ತು.

ತೋಟದ ಗೇಟು ಪೂರ್ತಿ ತೆರೆದಿತ್ತು. ಹೆಂಗಸರು ಅದರ ಹೊರಗೇ ನಿಂತರು. ಕೊನೆಗೆ ರತ್ನ ಒಬ್ಬಳೇ ಒಳಗೆ ಬಂದಳು, ವನಜಳನ್ನು ನೋಡದೆ. ಗಿರಿಜಾ ಸೇದಿಟ್ಟ ಕೊಡಕ್ಕೆ ಕೈಯದ್ದಿ, ಉಪ್ಪಿದೆಯೇ ಎಂದು ಒಂದು ಗುಟುಕು ಬಾಯಲ್ಲಿ ಆಡಿಸಿ, ತೆಂಗಿನ ಬುಡಕ್ಕೆ ಉಗಿದಳು. ಮತ್ತೊಂದು ಬೊಗಸೆ ತೆಗೆದುಕೊಂಡಳು. ಅದನ್ನು ಬಾಯಲ್ಲೇ ಇಟ್ಟುಕೊಂಡು, ನುಂಗದೆ, ಉಗಿಯದೆ, ಬಹಳ ಹೊತ್ತು ಹಾಗೆಯೇ ನಿಂತಿದ್ದಳು.