ಮುಖಕ್ಕೆ ಬಿದ್ದ ಬೆಳಕು

ದೊಡ್ಡಕ್ಕ ಕುರ್ಚಿ ಹತ್ತಿ ನಿಂತು ಮುಂದಿನ ಕೋಣೆಯ ಬಲ್ಬನ್ನು ತಿರುಗಿಸಿ ತೆಗೆಯುತ್ತಿದ್ದರು. ಕೆಳಗೆ ಡಮ್ಮಿಯಣ್ಣ ಕುರ್ಚಿಯ ಕಾಲುಗಳನ್ನು ಅವುಚಿ ಹಿಡಿದು ಕೂತಿದ್ದ. ಅವರ ವಯಸ್ಸಿಗೆ ಇದು ಮಾಡುವ ಕೆಲಸವಲ್ಲ. ಆದರೆ ದೊಡ್ಡಕ್ಕ ಒಂದು ಸಲ ಮನಸ್ಸು ಮಾಡಿದರೆ ಬೇಡವೆನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

“ಗಟ್ಟಿಯಾಗಿ ಹಿಡ್ಕೊಳಪ್ಪ. ಒಂದೇ ದಿನ ಎರಡು ಹೆಣ ಎತ್ತೋ ಹಾಗಾಗೋದು ಬೇಡ.”

ಬಲ್ಬು ಕೈಗೆ ಬಂತು. ಅದನ್ನು ಕಪಾಟಿನೊಳಗೆ ಇಟ್ಟು, ಕಿಟಕಿಯ ಪರದೆಯನ್ನು ಇನ್ನೊಮ್ಮೆ ಎಳೆದರು. ಕೋಣೆಯ ನಡುವೆ ಮಂಚದ ಮೇಲೆ ಅವರ ತಂಗಿ, ಅಂದರೆ ಡಮ್ಮಿಯಣ್ಣನ ಹೆಂಡತಿ, ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಬೆಳಿಗ್ಗೆ ಮೈ ತೊಳೆದು ಬಟ್ಟೆ ತೊಡಿಸಿದ್ದು ದೊಡ್ಡಕ್ಕನೇ, ಮುಖ ಮುಚ್ಚಿದ್ದೂ ಅವರೇ. ಬಂದವರು ಕಾಲಿನ ಹತ್ತಿರ ಹೂವಿಟ್ಟು ಹೋಗಲಿ, ಮುಖ ಮಾತ್ರ ಯಾರಿಗೂ ತೋರಿಸುವುದಿಲ್ಲ ಎಂದು ತೀರ್ಪು ಕೊಟ್ಟಾಗಿತ್ತು.

ಡಮ್ಮಿಯಣ್ಣ ಮೆಲ್ಲಗೆ ಕೇಳಿದ. “ಹೇಗಿದೆ ದೊಡ್ಡಕ್ಕ, ಮುಖ?”

ಅವರು ಬಿಳಿ ಬಟ್ಟೆಯ ಅಂಚನ್ನು ತಂಗಿಯ ತಲೆಯ ಕೆಳಗೆ ಇನ್ನಷ್ಟು ಸಿಕ್ಕಿಸಿದರು. “ಒಂದು ಕಣ್ಣು ಮುಚ್ಚೋಕೇ ಆಗ್ಲಿಲ್ಲ ಕಣಪ್ಪ. ನೀನು ಕೇಳ್ಬೇಡ.”

ಹೆಂಡತಿಯ ಮುಖವನ್ನು ಡಮ್ಮಿಯಣ್ಣ ನೋಡಿ ಎರಡು ವರ್ಷವಾಗುತ್ತ ಬಂದಿತ್ತು. ಅದೇ ಮನೆಯಲ್ಲಿದ್ದು, ದಿನಾ ಕೈಯಾರೆ ಊಟ ಮಾಡಿಸಿಯೂ ನೋಡಿರಲಿಲ್ಲ. ಮಧ್ಯಾಹ್ನ ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುತ್ತದೆ. ಅಷ್ಟರೊಳಗೆ ನೋಡದಿದ್ದರೆ ಇನ್ನು ನೋಡುವುದೆಂಬುದೇ ಇಲ್ಲ. ಅವನಿಗೆ ಬೆಳಗಿನಿಂದ ಬೇರೆ ಯಾವ ಯೋಚನೆಯೂ ಇರಲಿಲ್ಲ, ಅಳುವುದಕ್ಕೂ ಪುರುಸೊತ್ತಾಗಿರಲಿಲ್ಲ.

ಹೊರಗೆ ಬೀದಿಯಲ್ಲಿ ಜನ ಸೇರುತ್ತಿದ್ದರು. ಮದುವೆ ಹಾಲ್‌ಗಳ ಮ್ಯಾನೇಜರುಗಳು, ಫೋಟೋದವರು, ಹೂವಿನ ಅಲಂಕಾರದವರು, ಅವಳ ಕೈಕೆಳಗೆ ದುಡಿದ ಲೈಟಿನ ಹುಡುಗರು. ಆ ಹುಡುಗರಿಗೂ ಈಗ ಮೀಸೆ ನೆರೆತಿತ್ತು.

*

ಮದುವೆ, ಪಾರ್ಟಿ, ಕಾಲೇಜಿನ ಕಾರ್ಯಕ್ರಮ, ಏನೇ ಇರಲಿ, ಆ ಊರಿನಲ್ಲಿ ಬೆಳಕಿನ ಏರ್ಪಾಡು ಅವಳದು. ಝಗಮಗ ಅನ್ನಿಸುವ ಸರದೀಪಗಳನ್ನು ಯಾರು ಬೇಕಾದರೂ ಕಟ್ಟುತ್ತಾರೆ ಅನ್ನುತ್ತಿದ್ದಳು. ಅವಳ ಕಣ್ಣೆಲ್ಲ ಮುಖದ ಮೇಲೆ. ದೀಪ ನೆತ್ತಿಯ ಮೇಲಿದ್ದರೆ ಕಣ್ಣು ಗುಳಿಬೀಳುತ್ತದೆ, ಕೆಳಗಿದ್ದರೆ ಮದುಮಗಳು ದೆವ್ವವಾಗುತ್ತಾಳೆ. ಮೂಗಿನ ನೆರಳು ಕೆನ್ನೆಯ ಮೇಲೆ ಹಗುರಾಗಿ ಮಲಗಬೇಕು, ತುಟಿಯನ್ನು ಮುಟ್ಟಬಾರದು.

ಅಷ್ಟನ್ನು ಸರಿಮಾಡಲು ಮೊದಲೇ ಒಂದು ಮುಖ ಬೇಕು. ಮದುಮಕ್ಕಳು ಬರುವುದು ಕೊನೇ ಗಳಿಗೆಗೆ. ಹಾಗಾಗಿ ತನ್ನ ಬೀಗ ರಿಪೇರಿ ಅಂಗಡಿಯ ಬಾಗಿಲು ಹಾಕಿಕೊಂಡು ಗಂಡ ಬರಬೇಕಿತ್ತು. ಒಮ್ಮೆ ಮದುಮಗನ ಜಾಗದಲ್ಲಿ ಕೂತು, ಒಮ್ಮೆ ಮದುಮಗಳ ಜಾಗದಲ್ಲಿ ಕೂತು, ಇಲ್ಲದ ಕೇಕು ಕತ್ತರಿಸಿ, ಇಲ್ಲದ ಅತಿಥಿಗಳ ಕೈ ಕುಲುಕಿ ನಗಬೇಕಿತ್ತು. ಹುಡುಗರು ಡಮ್ಮಿಯಣ್ಣ ಎಂದು ಕರೆದರು. ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ, ಬೀಗ ತರುವವರೂ ಡಮ್ಮಿಯಣ್ಣನ ಅಂಗಡಿ ಎಲ್ಲಿ ಎಂದೇ ಕೇಳಿಕೊಂಡು ಬರುತ್ತಿದ್ದರು.

ಅವಳು ಹಾಲ್‌ನ ತುದಿಯಲ್ಲಿ, ದೀಪಗಳಾಚೆಯ ಕತ್ತಲಲ್ಲಿ ಕೂರುತ್ತಿದ್ದಳು. ಅಲ್ಲಿಂದ ಅವಳ ಧ್ವನಿ ಮಾತ್ರ ಬರುತ್ತಿತ್ತು. ಏಣಿಯ ಮೇಲಿದ್ದವನಿಗೆ ಎಡಕ್ಕೆ, ಇನ್ನೂ ಎಡಕ್ಕೆ ಎನ್ನುತ್ತಿದ್ದಳು. ಗಂಡನಿಗೆ ಗಲ್ಲ ಎತ್ತು, ಮದುವೆ ನಿನ್ನದಲ್ಲ, ಅಷ್ಟು ಗಾಬರಿ ಬೇಡ ಎನ್ನುತ್ತಿದ್ದಳು. ಹುಡುಗರು ನಗುತ್ತಿದ್ದರು.

ಒಂದು ದಿನ ಅವನು ಕಣ್ಣು ಕಿರಿದು ಮಾಡಿ ಆ ಕತ್ತಲ ಕಡೆ ನೋಡಿದ. “ನೀನು ಕಾಣ್ತಾನೇ ಇಲ್ವಲ್ಲೇ.”

“ನೀನು ಯಾಕೆ ನೋಡ್ಬೇಕು? ನಾನು ನೋಡಿದ್ರೆ ಸಾಕು.”

ಅವನಿಗೆ ಅದು ಖುಷಿಯ ಮಾತಾಗಿಯೇ ಕೇಳಿಸಿತ್ತು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಹೆಂಡತಿ ಗಂಟೆಗಟ್ಟಲೆ ಕಣ್ಣಿಟ್ಟು ನೋಡುವ ಗಂಡ ಎಷ್ಟು ಜನರಿದ್ದಾರೆ?

ಆಮೇಲೆ ಅವಳಿಗೆ ಲಕ್ವ ಹೊಡೆಯಿತು. ಕೈಕಾಲು ತಕ್ಕಮಟ್ಟಿಗೆ ಚೇತರಿಸಿಕೊಂಡವು, ಮುಖದ ಬಲಬದಿ ಜಾರಿದ್ದು ಜಾರಿಯೇ ಉಳಿಯಿತು. ಆಸ್ಪತ್ರೆಯಲ್ಲಿ ಟವೆಲಿನಿಂದ ಅರ್ಧ ಮುಖ ಮುಚ್ಚಿಕೊಂಡವಳು, ಮನೆಗೆ ಬಂದ ದಿನ ಕನ್ನಡಿಯೆದುರು ನಿಂತು ಟವೆಲು ತೆಗೆದಳು. ನೋಡಿಕೊಂಡಳು. ಅವತ್ತೇ ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸಿದಳು, ದೀಪ ತೆಗೆಸಿದಳು. ಆ ಕತ್ತಲಲ್ಲೇ ಅವನು ಊಟ ಮಾಡಿಸಬೇಕಾಯಿತು. ಮೊದಮೊದಲು ಚಮಚ ಗಲ್ಲಕ್ಕೆ ತಗಲುತ್ತಿತ್ತು. ಬರುಬರುತ್ತ ಬೆರಳುಗಳೇ ದಾರಿ ಕಲಿತವು.

ಒಮ್ಮೆ ಮಾತ್ರೆ ಕೈಜಾರಿ ಮಂಚದ ಕೆಳಗೆ ಉರುಳಿತು. ಹುಡುಕಲು ಅವನು ಮೊಬೈಲಿನ ಟಾರ್ಚು ಹಚ್ಚಿದ, ಅಷ್ಟೇ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಪೆಟ್ಟು ತಿಂದ ಮಗುವಿನ ಹಾಗೆ ಅತ್ತಳು. ಎಷ್ಟು ಸಮಾಧಾನ ಹೇಳಿದರೂ ನಿಲ್ಲಿಸಲಿಲ್ಲ. ಅವನು ಮತ್ತೆಂದೂ ಆ ಕೋಣೆಯಲ್ಲಿ ಬೆಳಕು ಮಾಡಲಿಲ್ಲ.

*

ಲೈಟಿನ ಹುಡುಗರಲ್ಲಿ ಏಣಿ ಎನ್ನುವವನು ಮುಂದಿನ ಕೋಣೆಯೊಳಗೆ ಬಂದ. ಎತ್ತರದ ಆಳು, ಏಣಿ ಹತ್ತುವುದು ಅವನದೇ ಕೆಲಸವಾದ್ದರಿಂದ ಆ ಹೆಸರು. ಬಾಗಿಲಲ್ಲಿ ತಲೆ ಬಗ್ಗಿಸಿ ಬಂದವನ ಒಂದು ಕೈಯಲ್ಲಿ ಫೋಕಸ್ ಲೈಟು, ಇನ್ನೊಂದರಲ್ಲಿ ಸ್ಟ್ಯಾಂಡು. ಯಾರೂ ಹೇಳಿರಲಿಲ್ಲ, ತಾನಾಗಿಯೇ ತಂದಿದ್ದ.

ದೊಡ್ಡಕ್ಕ ಮಂಚಕ್ಕೆ ಅಡ್ಡ ನಿಂತರು. “ಇದೇನು ಮದುವೆ ಹಾಲಾ? ಎತ್ಕೊಂಡು ಆಚೆ ನಡಿ.”

ಏಣಿ ನೆಲ ನೋಡುತ್ತ, ಹೊರಗೆ ಎಲ್ಲರೂ ಮೇಡಂ ಮುಖ ನೋಡಬೇಕು ಅನ್ನುತ್ತಿದ್ದಾರೆ ಎಂದ. ಹಿಂದೆ ಒಂದು ಮದುವೆಯಲ್ಲಿ, ಮುಖ ಸುಟ್ಟಿದ್ದ ಮದುಮಗಳ ಚಿಕ್ಕಮ್ಮನನ್ನು ಮನೆಯವರೇ ಕಂಬದ ಹಿಂದೆ ಕೂರಿಸಿದ್ದರು. ಮೇಡಂ ವೇದಿಕೆಯದೇ ಒಂದು ದೀಪ ಕಿತ್ತು ಆಕೆಯ ಕುರ್ಚಿಗೆ ತಿರುಗಿಸಿದ್ದನ್ನು ನೆನಪಿಸಿದ. “ಈ ಮುಖಕ್ಕೆ ಬೆಳಕು ಕೂರಲ್ಲ ಅಂತ ಮೇಡಂ ಯಾವತ್ತೂ ಅಂದವರಲ್ಲ, ದೊಡ್ಡಕ್ಕ.”

“ಅದು ಬೇರೆಯವರ ಮುಖ ಕಣಯ್ಯ. ತನ್ನದಕ್ಕೆ ಏನು ಮಾಡಿದ್ಳು ಅಂತ ನಿಮಗೆಲ್ಲ ಗೊತ್ತಿಲ್ವಾ? ಬದುಕಿದ್ದಾಗ ಬೇಡ ಅಂದಿದ್ದನ್ನ, ಈಗ ಬಾಯಿಲ್ಲ ಅಂತ ಮಾಡ್ತೀರಾ?”

ಏಣಿ ಲೈಟನ್ನು ನೆಲಕ್ಕಿಟ್ಟ. ದೊಡ್ಡಕ್ಕ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಕಷ್ಟವಿದ್ದದ್ದೇ ಅಲ್ಲಿ. ಡಮ್ಮಿಯಣ್ಣನಿಗೂ ಅದು ಗೊತ್ತಿತ್ತು. ಅವಳ ಮಾತು ಮೀರಬಾರದು ಎಂದು ಎರಡು ವರ್ಷ ಕುರುಡನಂತೆ ಬದುಕಿದವನು ಅವನು. ಇವತ್ತು ಮೀರಿದರೆ ಅಷ್ಟು ದಿನ ಪಾಲಿಸಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ. ಮೀರದಿದ್ದರೆ, ಉಳಿದ ಆಯುಷ್ಯವೆಲ್ಲ ಬೆರಳಿಗೆ ಗೊತ್ತಿರುವ, ಕಣ್ಣಿಗೆ ಗೊತ್ತಿಲ್ಲದ ಒಂದು ಮುಖದ ಜೊತೆ ಕಳೆಯಬೇಕು. ಅವನಿಗೆ ಹೆಂಡತಿಯ ಮೇಲೆ ಸಿಟ್ಟು ಬಂತು. ಸತ್ತವಳ ಮೇಲೆ ಸಿಟ್ಟು ಬಂತಲ್ಲ ಎಂದು ನಾಚಿಕೆಯೂ ಆಯಿತು.

“ದೊಡ್ಡಕ್ಕ,” ಎಂದ. “ಬೇರೆಯವರಿಗೆ ಬೇಡ. ಅವಳು ನನ್ನನ್ನ ಎಷ್ಟು ನೋಡಿದಾಳೆ ಅಂತ ಲೆಕ್ಕ ಇಲ್ಲ. ನಾನು ಒಂದೇ ಒಂದ್ಸಲ ನೋಡ್ತೀನಿ. ಆಮೇಲೆ ಬೈತಾಳೆ ಅಂದ್ರೆ ಬೈಲಿ.”

ದೊಡ್ಡಕ್ಕ ಕುರ್ಚಿಯ ಮೇಲೆ ಕುಸಿದು ಕೂತರು. ಅಷ್ಟು ಹೊತ್ತು ಹಿಡಿದಿಟ್ಟಿದ್ದು ಕಣ್ಣಿನಿಂದ ಇಳಿಯಿತು. ಒರೆಸಿಕೊಂಡು, ಬಾಗಿಲು ಹಾಕಲು ಏಣಿಗೆ ಸನ್ನೆ ಮಾಡಿದರು. ನೀನೊಬ್ಬ ನೋಡು, ನೋಡಿದ ತಕ್ಷಣ ಮುಚ್ಚು ಎಂದರು.

ಏಣಿ ಸ್ಟ್ಯಾಂಡು ನಿಲ್ಲಿಸಿ, ಬೆಳಕು ಮೆತ್ತಗಾಗಲೆಂದು ದೀಪದ ಮುಂದೆ ಬಿಳಿ ಬಟ್ಟೆ ಬಿಗಿದು, ಯಾವ ಬದಿಗೆ ಹಿಡಿಯಲಿ ಎಂದು ಕೇಳಿದ. ಡಮ್ಮಿಯಣ್ಣ ಕಣ್ಣು ಮುಚ್ಚಿ, ಬೆರಳುಗಳನ್ನು ಗಾಳಿಯಲ್ಲಿ ಸ್ವಲ್ಪ ಆಡಿಸಿದ. ನೀರು ಸೋರುತ್ತಿದ್ದ ಬಾಯಿಯ ಕೊನೆ, ಅನ್ನ ಒಳಗೆ ಸಿಕ್ಕಿಕೊಳ್ಳುತ್ತಿದ್ದ ಕೆನ್ನೆ. “ಬಲಗಡೆಯಿಂದ ಹಿಡಿ. ಆ ಕಡೆನೇ ಬೆಳಕು ಬೀಳ್ಲಿ. ಅಡಗಿಸೋದು ಬೇಡ.”

ದೀಪ ಹತ್ತಿತು. ಅವನು ಬಟ್ಟೆ ಸರಿಸಿದ.

ಕೂದಲೆಲ್ಲ ಬೆಳ್ಳಗಾಗಿತ್ತು. ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ದಿನಾ ತಾನೇ ಬಾಚುತ್ತಿದ್ದ ಕೂದಲು! ಬಾಯಿಯ ಬಲಕೊನೆ, ಹೊಲಿಗೆ ಬಿಟ್ಟ ಜೇಬಿನ ಹಾಗೆ ಜೋತುಬಿದ್ದಿತ್ತು. ಕೆನ್ನೆ ಇಳಿದಿತ್ತು. ಬಲಗಣ್ಣು ಅರ್ಧ ತೆರೆದಿತ್ತು. ಉಳಿದದ್ದೆಲ್ಲ ಅವಳೇ. ಅದೇ ಹಣೆ, ಏನೋ ಸರಿಯಿಲ್ಲ ಎನ್ನುವ ಹಾಗೆ ಗಂಟಿಕ್ಕಿಕೊಳ್ಳುವ ಅದೇ ಹುಬ್ಬು.

“ಇಷ್ಟೇನಾ?” ಎಂದ ಡಮ್ಮಿಯಣ್ಣ. “ಇಷ್ಟಕ್ಕೇನೇ?”

ಆಗ ಅಳು ಬಂತು. ನೋಡಬಹುದಾಗಿದ್ದ ಮುಖ. ದಿನಾ ಬೆಳಿಗ್ಗೆ ಕಾಫಿಯ ಲೋಟ ಹಿಡಿದುಕೊಂಡು ನೋಡಬಹುದಾಗಿದ್ದ, ತಮಾಷೆ ಮಾಡಿ ಬೈಸಿಕೊಳ್ಳಬಹುದಾಗಿದ್ದ ಮುಖ. ಎಷ್ಟೊಂದು ಬೆಳಿಗ್ಗೆಗಳು ಹಾಗೇ ಹೋದವು. ಅವನು ಬಿಕ್ಕಿ ಬಿಕ್ಕಿ ಅತ್ತ. ಏಣಿ ಗೋಡೆ ಕಡೆ ತಿರುಗಿ ನಿಂತ.

ಸಾಕಪ್ಪ, ಮುಚ್ಚು ಎಂದರು ದೊಡ್ಡಕ್ಕ. ಅವನು ಬಟ್ಟೆಯ ಅಂಚು ಹಿಡಿದ, ಹಿಡಿದುಕೊಂಡೇ ನಿಂತ. ಹೊರಗೆ ಯಾರೋ ಮೆತ್ತಗೆ ಬಾಗಿಲು ತಟ್ಟಿ, ವ್ಯಾನು ಬಂದಿದೆ ಎಂದರು.

“ಬಾಗಿಲು ತೆಗಿ,” ಎಂದ ಏಣಿಗೆ. “ಎಲ್ಲರೂ ನೋಡ್ಲಿ.”

ದೊಡ್ಡಕ್ಕ ಎದ್ದು ಕುರ್ಚಿಯನ್ನು ಗೋಡೆಯ ಬದಿಗೆ ಸರಿಸಿದರು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಅವನಿಗೆ ತಿಳಿಯಲಿಲ್ಲ, ಮುಂದೆಯೂ ತಿಳಿಯುವುದಿಲ್ಲ ಎನ್ನುವುದು ಮಾತ್ರ ತಿಳಿಯಿತು. ಬಾಗಿಲು ತೆರೆಯಿತು. ಮೊದಲು ಬಂದವರು ಹೊಸ್ತಿಲಲ್ಲೇ ಒಂದು ಗಳಿಗೆ ತಡೆದು ನಿಂತು, ಆಮೇಲೆ ಮಂಚದ ಹತ್ತಿರ ಬಂದರು.

ಆಗ ಅವನು ಗಮನಿಸಿದ. ದೀಪ ನೇರವಾಗಿ ಅವಳ ಆ ತೆರೆದ ಕಣ್ಣಿನೊಳಗೆ ಬೀಳುತ್ತಿತ್ತು. ಏಣಿಯೂ ಅದನ್ನು ಕಂಡು ಸ್ಟ್ಯಾಂಡಿಗೆ ಕೈಹಾಕಿದ. ಸರಿಸಿದರೆ ಮೂಗಿನ ನೆರಳು ತುಟಿಗೆ ಬರುತ್ತದೆ, ಬಿಡು ಎಂದ ಡಮ್ಮಿಯಣ್ಣ. ದೀಪಕ್ಕೂ ಅವಳಿಗೂ ನಡುವೆ ತನ್ನ ಅಂಗೈ ಚಾಚಿ, ಕಣ್ಣಿನ ಮೇಲಷ್ಟೇ ನೆರಳು ಬೀಳುವ ಹಾಗೆ ಹಿಡಿದ.

ಜನ ಒಬ್ಬೊಬ್ಬರಾಗಿ ಬಂದು ನೋಡಿ ಹೋಗುತ್ತಿದ್ದರು. ಸಾಲು ಬೀದಿಯವರೆಗೂ ಇತ್ತು. ಚಾಚಿದ ತೋಳು ಸೋತು ನಡುಗತೊಡಗಿತು, ಅವಳ ಮುಖದ ಮೇಲೆ ನೆರಳೂ ನಡುಗಿತು. ದೊಡ್ಡಕ್ಕ ಬಂದು ಪಕ್ಕದಲ್ಲಿ ನಿಂತು, ಅವನ ಮೊಣಕೈಯ ಕೆಳಗೆ ತಮ್ಮ ಎರಡೂ ಕೈ ಕೊಟ್ಟು ಎತ್ತಿ ಹಿಡಿದರು.