ಮಾವನ ಮಾತಿನ ಜಾಹೀರಾತು

ಮನೆಯಲ್ಲಿ ಗುಬ್ಬಿ ಎಂದು ಕರೆಸಿಕೊಳ್ಳುತ್ತಿದ್ದ ಅವಳು ಹೊಸ ಕೆಲಸಕ್ಕೆ ಸೇರಿದ್ದು ಊರಿನ ಅತಿ ದೊಡ್ಡ ಡ್ರೈವಿಂಗ್ ಶಾಲೆಯಲ್ಲಿ. ಅಲ್ಲಿಯವರೆಗೆ ಏಜೆನ್ಸಿಯೊಂದರಲ್ಲಿ ಹಾಸಿಗೆ ಅಂಗಡಿಗೂ ಹಲ್ಲಿನ ಆಸ್ಪತ್ರೆಗೂ ಒಂದೇ ಉಸಿರಿನಲ್ಲಿ ಜಾಹೀರಾತು ಬರೆಯುತ್ತಿದ್ದವಳಿಗೆ, ಒಂದೇ ಕಂಪನಿಯ ಒಳಗೆ ಕುಳಿತು ದುಡಿಯುವುದು ಹೊಸತು. ಡ್ರೈವಿಂಗ್ ಕಲಿಯಬೇಕೆನ್ನುವವರು ಮೊಬೈಲಿನಲ್ಲಿ ಏನೆಂದು ಟೈಪ್ ಮಾಡಿ ಹುಡುಕುತ್ತಾರೆಂದು ಊಹಿಸಬೇಕು. ಹುಡುಕಿದವರಿಗೆ ಮೊದಲು ಈ ಕಂಪನಿಯ ಜಾಹೀರಾತೇ ಕಾಣುವಂತೆ ಮಾಡಬೇಕು. ಅವಳ ಮೇಜು ಗಾಜಿನ ಗೋಡೆಯ ಪಕ್ಕದಲ್ಲಿತ್ತು. ಕೆಳಗಿನ ಅಂಗಳದಲ್ಲಿ ಒಂದೇ ಬಣ್ಣದ ಕಾರುಗಳು ಸಾಲಾಗಿ ನಿಂತಿರುತ್ತಿದ್ದವು.

ಮೊದಲ ಸಭೆಯಲ್ಲೇ ಮ್ಯಾನೇಜರ್ ನೇರವಾಗಿ ವಿಷಯಕ್ಕೆ ಬಂದರು. ಕಡಿಮೆ ದರ, ಬೇಗ ಲೈಸೆನ್ಸ್ ಅಂತ ಎಲ್ಲರೂ ಬರೆಯುತ್ತಾರೆ, ನೀವು ಬೇರೆ ಏನು ತರುತ್ತೀರಿ ಎಂದು ಕೇಳಿದರು. ಸುತ್ತ ಕುಳಿತವರೆಲ್ಲ ಅವಳ ಮುಖವನ್ನೇ ನೋಡತೊಡಗಿದರು. ಆಗ ನೆನಪಾದವರು ಸೋದರಮಾವ.

ಮಾವನದೂ ಡ್ರೈವಿಂಗ್ ಶಾಲೆಯೇ. ಶಾಲೆ ಎಂದರೆ ಒಂದು ಹಳೆಯ ಕಾರು ಮತ್ತು ಮಾವ, ಅಷ್ಟೇ. ಕಲಿಯುವವರ ಪಕ್ಕದಲ್ಲಿ ಕೂತು ತಮ್ಮ ಕಡೆಯ ಬ್ರೇಕನ್ನು ಒತ್ತೀ ಒತ್ತೀ, ಊಟಕ್ಕೆ ಕೂತಾಗಲೂ ಅವರ ಕಾಲು ನೆಲ ಒತ್ತುತ್ತಿರುತ್ತದೆ ಎಂದು ಅತ್ತೆ ನಗುತ್ತಿದ್ದರು. ನೆಂಟರ ಮಕ್ಕಳಿಗೆಲ್ಲ ಅವರು ಬ್ರೇಕ್ ಮಾವ. ಅವರ ಹತ್ತಿರ ಬರುವವರು ಹೆಚ್ಚಾಗಿ ಹೆದರಿದವರು: ಅಪಘಾತ ಕಂಡವರು, ಬೇರೆ ಕಡೆ ಬೈಸಿಕೊಂಡು ಬಿಟ್ಟವರು, ನಡುವಯಸ್ಸಿನಲ್ಲಿ ಮೊದಲ ಸಲ ಸ್ಟೀರಿಂಗ್ ಹಿಡಿದವರು. ಎಲ್ಲರಿಗೂ ಮಾವ ಹೇಳುತ್ತಿದ್ದದ್ದು ಒಂದೇ ಮಾತು: ‘ಅವಸರ ಬೇಡ, ರಸ್ತೆ ಎಲ್ಲಿಗೂ ಓಡಿಹೋಗಲ್ಲ.’ ಸ್ಕೂಟರಿನಿಂದ ಬಿದ್ದಮೇಲೆ ರಸ್ತೆ ಎಂದರೇ ನಡುಗುತ್ತಿದ್ದ ಗುಬ್ಬಿಗೂ ಹಾಗೇ ಹೇಳಿ ಕಾರು ಕಲಿಸಿದ್ದರು. ಅವರ ಪುಟ್ಟ ವೆಬ್‌ಸೈಟ್ ಮಾಡಿಕೊಟ್ಟವಳು ಅವಳೇ. ‘ಕಾರು ಓಡಿಸಲು ಭಯ’ ಎಂದು ಹುಡುಕುವವರು ಬಹಳ ಜನ, ಅವರೆಲ್ಲ ಕೊನೆಗೆ ಮಾವನಿಗೇ ಫೋನ್ ಮಾಡುತ್ತಾರೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

“ಹೆದರುವವರಿಗೆ ಅಂತ ಯಾರೂ ಜಾಹೀರಾತು ಹಾಕಿಲ್ಲ, ಸರ್,” ಎಂದಳು.

ಮ್ಯಾನೇಜರ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಅವಳತ್ತ ತಿರುಗಿದರು. ಸಂಜೆಯೊಳಗೆ ಜಾಹೀರಾತು ಸಿದ್ಧವಾಗಬೇಕಿತ್ತು. ತಲೆಬರಹಕ್ಕೆ ಏನೇನೋ ಬರೆದಳು, ಅಳಿಸಿದಳು. ಕೊನೆಗೆ ಮಾವನ ಮಾತನ್ನೇ ಇದ್ದ ಹಾಗೆ ಇಳಿಸಿಬಿಟ್ಟಳು. ಮಾತಿಗೇನು ಒಡೆಯರಿರುತ್ತಾರೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಜಾಹೀರಾತು ಕೈಹಿಡಿಯಿತು. ಹೊಸಬರ ದಂಡೇ ಬಂತು. ಮ್ಯಾನೇಜರ್ ಎಲ್ಲರೆದುರು ಅವಳನ್ನು ಹೊಗಳಿದರು. ಅವಳು ತಲೆ ತಗ್ಗಿಸಿದ್ದನ್ನು ಕಂಡವರು ನಾಚಿಕೆ ಎಂದುಕೊಂಡರು.

ತಿಂಗಳು ತುಂಬುವ ಮೊದಲೇ ಮಾವ ಮನೆಗೆ ಕರೆದರು. ಯಾಕೋ ಯಾರ ಫೋನೂ ಬರುತ್ತಿಲ್ಲ, ಸಿಮ್ ತೆಗೆದು ಮತ್ತೆ ಹಾಕಿದರೂ ಅಷ್ಟೇ, ಫೋನೇ ಕೆಟ್ಟಿರಬೇಕು, ಸ್ವಲ್ಪ ನೋಡು ಎಂದರು. ಭಾನುವಾರ ಹೋದಳು. ನಡುಮನೆಯಲ್ಲಿ ನಿಂತು ತನ್ನ ಫೋನಿನಿಂದ ಅವರ ನಂಬರ್ ಒತ್ತಿದಳು. ಮೇಜಿನ ಮೇಲಿದ್ದ ಅವರ ಫೋನ್ ಜೋರಾಗಿ ಬಡಿದುಕೊಂಡಿತು. ಅವಳು ಎದುರಿಗೇ ಇದ್ದರೂ ಮಾವ ಅದನ್ನೆತ್ತಿ, “ಹಲೋ, ಯಾರು ಮಾತಾಡೋದು?” ಎಂದು ನಕ್ಕರು. ನಿನ್ನ ಕೈಗುಣ ಒಳ್ಳೆಯದು, ಮುಟ್ಟುವ ಮೊದಲೇ ಸರಿಹೋಯಿತು ಎಂದರು.

ಹೇಳಿಬಿಡಬೇಕೆಂದೇ ಅವಳು ಬಾಯಿ ತೆರೆದಳು. ಆದರೆ ಹೊರಬಂದದ್ದು, ಈ ಸಮಯದಲ್ಲಿ ಎಲ್ಲರಿಗೂ ಕಲಿಯುವವರು ಕಡಿಮೆ ಮಾವ, ಎಂಬ ಸುಳ್ಳು. ಅತ್ತೆ ಕೊಟ್ಟ ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು.

ಮರುವಾರ ಆಫೀಸಿನ ಅಂಗಳದಲ್ಲಿ ಒಬ್ಬ ಹೆಂಗಸು ಕಾರಿನಿಂದ ಇಳಿದು, ಬಾಗಿಲನ್ನೂ ಹಾಕದೆ ಮೆಟ್ಟಿಲ ಮೇಲೆ ಕುಸಿದಳು. ಗುಬ್ಬಿ ನೀರು ತೆಗೆದುಕೊಂಡು ಕೆಳಗೋಡಿದಳು. ಮತ್ತೆ ಮತ್ತೆ ಗಾಡಿ ಆಫ್ ಮಾಡುತ್ತೀರಿ, ನನಗೆ ಮುಂದಿನ ಕ್ಲಾಸಿದೆ ಎಂದು ಕಲಿಸುವವನು ರೇಗಿದ್ದನಂತೆ.

“ಅವಸರ ಬೇಡ ಅಂತ ಬರೆದಿತ್ತಲ್ಲ,” ಎಂದಳು ಆಕೆ ಕಣ್ಣೊರೆಸಿಕೊಳ್ಳುತ್ತ. “ಅದನ್ನ ನೋಡೇ ಧೈರ್ಯ ಮಾಡಿ ಬಂದೆ.”

ಗುಬ್ಬಿ ನೀರನ್ನು ಆಕೆಯ ಕೈಗಿತ್ತು, ಹೋಗಿ ಕಾರಿನ ಬಾಗಿಲು ಹಾಕಿದಳು. ಕೆಲಸ ಮುಗಿದ ಕೂಡಲೇ ಮಾವನ ಮನೆಗೆ ನಡೆದಳು. ಅಡುಗೆಮನೆಯಲ್ಲಿ ಅತ್ತೆ ಬಟಾಣಿ ಬಿಡಿಸುತ್ತಿದ್ದರು, ಮಾವ ಸ್ಟೂಲಿನ ಮೇಲೆ ಕೂತು ಬಿಡಿಸಿದ್ದನ್ನು ತಿನ್ನುತ್ತಿದ್ದರು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು.

“ನಾನು ನೋಡಿದ್ದೆ,” ಎಂದರು ಅತ್ತೆ, ತಲೆ ಎತ್ತದೆ. “ಗೆಳತಿಗೆ ನಮ್ಮ ಶಾಲೆ ತೋರಿಸೋಣ ಅಂತ ಹುಡುಕಿದ್ರೆ, ಇವರ ಮಾತು ನಿನ್ನ ಕಂಪನಿ ಹೆಸರಿನ ಕೆಳಗಿತ್ತು. ನೀನೇ ಬಂದು ಹೇಳ್ತೀಯ ಅಂತ ಸುಮ್ಮನಿದ್ದೆ. ಇವರಿಗೂ ಹೇಳಿರಲಿಲ್ಲ.”

ಮಾವ ಕೈಯಲ್ಲಿದ್ದ ಬಟಾಣಿಯನ್ನು ಮತ್ತೆ ಬುಟ್ಟಿಗೆ ಹಾಕಿದರು. ಆಮೇಲೆ ಮೆಲ್ಲಗೆ, “ಸಂಬಳ ತಗೊಂಡ ಮೇಲೆ ಅವರ ಕೆಲಸ ಮಾಡ್ಲೇಬೇಕು, ಅದಿರಲಿ. ಆದ್ರೆ ಫೋನ್ ನೋಡೋಕೆ ಬಂದಿದ್ಯಲ್ಲ, ಅವತ್ತಾದ್ರೂ ಹೇಳ್ಬಹುದಿತ್ತು ಗುಬ್ಬಿ,” ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಕೆಲಸ ಬಿಟ್ಟುಬಿಡುತ್ತೇನೆ ಎಂದಳು. ಬಿಟ್ಟು ಆ ಭಾರವನ್ನೂ ನಮ್ಮ ತಲೆಗೆ ಕಟ್ಟಬೇಡ ಎಂದು ಅತ್ತೆ ಗದರಿಸಿ, ಬಟಾಣಿಯ ಬುಟ್ಟಿಯನ್ನು ಅವಳ ಮುಂದಕ್ಕೆ ತಳ್ಳಿದರು. ಕೂತು ಬಿಡಿಸಿದಳು.

ಮರುದಿನ ಮ್ಯಾನೇಜರಿಗೆ ಆ ಮಾತು ಯಾರದೆಂದು ಹೇಳಿದಳು. ಆ ಜಾಹೀರಾತು ನೋಡಿ ಬಂದವರಲ್ಲಿ ಬಹಳ ಮಂದಿ ನಡುವೆಯೇ ಬಿಟ್ಟುಹೋಗಿದ್ದನ್ನೂ ತೋರಿಸಿದಳು. ಮ್ಯಾನೇಜರ್ ಕೆಟ್ಟವರಲ್ಲ. ಜಾಹೀರಾತು ನಿಲ್ಲಿಸಲು ಒಪ್ಪಿದರು. ಆದರೆ ಮೊದಲೇ ಹೇಳಬೇಕಿತ್ತು ಎಂದು ಅವರೂ ಅಂದರು. ಮುಂದಿನ ದೊಡ್ಡ ಕೆಲಸ ಪಕ್ಕದ ಮೇಜಿನವಳಿಗೆ ಹೋಯಿತು. ಗುಬ್ಬಿಗೆ ಅದು ಸರಿಯೆಂದೇ ಅನ್ನಿಸಿತು.

ಮಾವನಿಗೆ ಫೋನುಗಳು ಮತ್ತೆ ಶುರುವಾದವು, ಮೊದಲಿನಷ್ಟಲ್ಲದಿದ್ದರೂ. ಅವಳು ಹೋದಾಗ ಎಂದಿನಂತೆ ಮಾತಾಡಿಸುತ್ತಾರೆ, ನಗಿಸುತ್ತಾರೆ. ವೆಬ್‌ಸೈಟಿನ ಸುದ್ದಿ ಮಾತ್ರ ಎತ್ತುವುದಿಲ್ಲ. ಒಮ್ಮೆ ಅವಳೇ ಅದನ್ನು ತೆರೆದು ನೋಡಿದಾಗ ಹೊಸ ಫೋಟೊ ಇತ್ತು. ಬೀದಿ ಕೊನೆಯ ಮೊಬೈಲ್ ಅಂಗಡಿಯವನಿಂದ ಹಾಕಿಸಿದ್ದರಂತೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಾವ ಕಾರಿಗೆ ಒರಗಿ ನಿಂತಿದ್ದರು. ಫೋಟೊ ಸೊಟ್ಟಗಿತ್ತು, ಕಾರಿನ ಮುಂಭಾಗ ಅರ್ಧ ಕತ್ತರಿಸಿಹೋಗಿತ್ತು. ಪಾಸ್‌ವರ್ಡ್ ಇನ್ನೂ ಅವಳ ಹತ್ತಿರವಿತ್ತು, ಸರಿಮಾಡುವುದು ಗಳಿಗೆಯ ಕೆಲಸ. ಅವಳು ಮುಟ್ಟಲಿಲ್ಲ.