ಏನೂ ಕೊಡದ ಕುಳಿ

ಮಂಗಳವಾರ ಬೆಳಿಗ್ಗೆ ಪ್ರಯೋಗದ ಫಿಲಂ ಕೈಗೆ ಬಂದಾಗ, ಹಿಂದುಮುಂದಾಗಿ ಹಿಡಿದಿದ್ದೇನೆಯೋ ಎಂದು ಅಬ್ರಫಿ ಅದನ್ನು ತಿರುಗಿಸಿ ನೋಡಿದಳು. ಹೇಗೆ ಹಿಡಿದರೂ ಅಷ್ಟೇ. ಸಾಲಿನ ಎಲ್ಲ ಗೆರೆಗಳೂ ಕಪ್ಪಗಿದ್ದವು. ಅವಳ ಅಣು ಹಾಕಿದ ಕಡೆ ಗೆರೆ ಇರಲೇಬಾರದಿತ್ತು. ಅಲ್ಲಿಯೂ ಕಾಡಿಗೆ ತೀಡಿದ ಹಾಗಿತ್ತು.

ಆ ಅಣುವನ್ನು ಒಂದು ಕಾಡುಮರದ ತೊಗಟೆಯಿಂದ ಬೇರ್ಪಡಿಸಲು ಅವಳಿಗೆ ವರ್ಷಗಳೇ ಹಿಡಿದಿದ್ದವು. ಜೀವಕೋಶದ ಹೊರಮೈಯಲ್ಲಿ ಬಾಗಿಲು ಕಾಯುವ ಪ್ರೋಟೀನುಗಳಿರುತ್ತವೆ. ಬೆಳವಣಿಗೆಯ ಅಂಶವೊಂದು ಬಂದು ತನ್ನ ಬಾಗಿಲು ತಟ್ಟಿದರೆ, ಒಳಗಿನ ಪ್ರೋಟೀನುಗಳು ಒಂದಕ್ಕೊಂದು ಫಾಸ್ಫೇಟಿನ ಚೂರು ಅಂಟಿಸುತ್ತ, ಬೆಳೆ, ಎರಡಾಗು ಎಂಬ ಸುದ್ದಿಯನ್ನು ಕೋಶದ ಒಡಲಿಗೆ ಮುಟ್ಟಿಸುತ್ತವೆ. ಕ್ಯಾನ್ಸರಿನಲ್ಲಿ ಈ ಸುದ್ದಿ ನಿಲ್ಲುವುದೇ ಇಲ್ಲ. ಸರಪಳಿಯ ಕೊನೆಯ ಪ್ರೋಟೀನಿಗೆ ಚೂರು ಅಂಟಿದ್ದರೆ ಫಿಲಮಿನಲ್ಲಿ ಕಪ್ಪು ಗೆರೆ. ಅವಳ ಅಣು ಎರಡು ಸಲ ಆ ಗೆರೆಯನ್ನು ಅಳಿಸಿತ್ತು. ಇದು ಮೂರನೆಯ ಸಲ.

"ಮೂರು ಸಲ ಒಂದೇ ಮಾತು ಹೇಳದ ಅಣು ಇಲಿ ಮೈಗೆ ಹೋಗೋದಿಲ್ಲ" ಎಂಬುದು ಪ್ರೊಫೆಸರ್ ಸಾರ್ಪೊಮಾ ಅವರ ಕಟ್ಟಳೆ. ಶುಕ್ರವಾರ ಅವರು ಮುಂದಿನ ಹಂತಕ್ಕೆ ಒಂದೇ ಒಂದು ಅಣುವನ್ನು ಆರಿಸುವವರಿದ್ದರು. ಉಳಿದವು ಫ್ರೀಜರಿನ ತಳ ಸೇರುತ್ತವೆ.

ತಪ್ಪು ತನ್ನದೇ ಎಂದು ಅಬ್ರಫಿ ನಂಬಿದಳು. ಶನಿವಾರ ಮಾಂಪಾಂಗ್‌ನಲ್ಲಿ ದೊಡ್ಡ ಮಾವನ ಅಂತ್ಯಕ್ರಿಯೆ. ಕಪ್ಪು-ಕೆಂಪು ಬಟ್ಟೆ ಉಟ್ಟು ಸಂಜೆಯವರೆಗೆ ಬಂದವರ ಕೈ ಕುಲುಕಿ, ಭಾನುವಾರದ ಪ್ರಾರ್ಥನೆಯನ್ನು ಅರ್ಧಕ್ಕೆ ಬಿಟ್ಟು, ಕುಮಾಸಿಯ ಲ್ಯಾಬಿಗೆ ಮರಳಿ ನೇರ ಪ್ರಯೋಗಕ್ಕೆ ಕೂತಿದ್ದಳು. ನಳಿಗೆಗಳು ಅದಲುಬದಲಾದವೇ? ನಿದ್ದೆಗಣ್ಣಿನಲ್ಲಿ ಅಣುವನ್ನೇ ಹಾಕಲಿಲ್ಲವೇ? ಅಥವಾ ಮೊದಲೆರಡು ಸಲವೇ ತಪ್ಪಾಗಿತ್ತೇ?

ಮತ್ತೆ ಮೊದಲ ಗೆರೆ ನೋಡಿದಳು. ಅದು ಕೋಶ ಬೆಳೆಸುವ ತಟ್ಟೆಯಲ್ಲಿ ಏನೂ ಕೊಡದ ಕುಳಿಯದು. ಆ ಕುಳಿಗೆ ಅಣುವೂ ಇಲ್ಲ, ಬೆಳವಣಿಗೆಯ ಅಂಶವೂ ಇಲ್ಲ. ಶನಿವಾರ ಹೊರಡುವ ಮೊದಲೇ ಊಟದ ಸೀರಂ ನಿಲ್ಲಿಸಿ ಉಪವಾಸ ಕೆಡವಿದ ಕೋಶಗಳು, ಅವು ತೆಪ್ಪಗಿರಬೇಕು. ಅಲ್ಲಿಯೂ ಕಪ್ಪು. ಇದು ನಳಿಗೆ ಅದಲುಬದಲಾದರೆ ಆಗುವಂಥದ್ದಲ್ಲ.

ಮಧ್ಯಾಹ್ನ ಎಲೊರ್ಮ್ ಜಗಲಿಯಲ್ಲಿ ಕೂತು ಎಲೆಯಲ್ಲಿ ಕಟ್ಟಿದ ವಾಚೆಯ, ಅಂದರೆ ಅಲಸಂದೆ ಅನ್ನದ, ಪೊಟ್ಟಣ ಬಿಚ್ಚುತ್ತಿದ್ದ. ಅದೇ ಲ್ಯಾಬಿನವನು, ಅವಳಿಗಿಂತ ಒಂದು ವರ್ಷ ಕಿರಿಯ.

"ಬಾ ಅಕ್ಕ, ಕೈ ಹಾಕು. ಅಂತ್ಯಕ್ರಿಯೆ ಮುಗೀತಾ, ಇಲ್ಲ ಮುಂದಿನ ಶನಿವಾರಾನೂ ಇದೆಯಾ? ನಿಮ್ಮ ಅಸಾಂಟೆ ಕುಲದೋರಲ್ಲಿ ಸತ್ತೋನಿಗೆ ಮಾತ್ರ ವಿಶ್ರಾಂತಿ."

"ನಿಮ್ಮ ಎವೆ ಕುಲದೋರು ಡೋಲು ಬಡಿಯೋ ರಭಸಕ್ಕೆ ಅವನಿಗೂ ಇಲ್ಲ. ಅದಿರ್ಲಿ, ಭಾನುವಾರ ಇಲ್ಲಿಗೆ ಬಂದಿದ್ಯಾ?"

"ಚರ್ಚಿಗೆ ಹೋಗೋ ಮುಂಚೆ ಬಂದಿದ್ದೆ. ಯಾಕೆ?"

"ನನ್ನ ತಟ್ಟೆ ಮುಟ್ಟಿದ್ಯಾ?"

ಎಲೊರ್ಮ್‌ನ ಮುಖ ಅರಳಿತು. "ಥ್ಯಾಂಕ್ಸ್ ಹೇಳೋಕೆ ಇಷ್ಟು ಹೊತ್ತು ಬೇಕಾಯ್ತಾ? ಪಾಪ, ಸೊರಗಿ ಹೋಗಿದ್ವು. ಸಾವಿನ ಮನೆ ಗಲಾಟೇಲಿ ಅಕ್ಕ ಮರೆತಿದ್ದಾಳೆ ಅಂತ ನಾನೇ ಊಟ ಹಾಕ್ದೆ. ನನ್ನ ಸೀರಮ್ಮೇ. ಧಾರಾಳವಾಗಿ."

ವಾರದ ಕೊನೆಯಲ್ಲಿ ಬಂದವರು ಎಲ್ಲರ ಕೋಶಗಳನ್ನೂ ನೋಡಿಕೊಳ್ಳುವುದು ಆ ಲ್ಯಾಬಿನ ಪದ್ಧತಿ. ಶನಿವಾರ ಯಾರಿಗಾದರೂ ಒಂದು ಸಾವಿನ ಮನೆ ಇದ್ದೇ ಇರುತ್ತದೆ.

"ಮುಚ್ಚಳದ ಮೇಲೆ ಉಪವಾಸ ಅಂತ ಬರ್ದಿದ್ನಲ್ಲೋ!"

"ಏನೂ ಇರ್ಲಿಲ್ಲ, ದೇವರಾಣೆ. ತಟ್ಟೆ ತೆಗೆದೆ, ಸ್ಪಿರಿಟ್ ಹೊಡೆದು ಒರೆಸಿದೆ, ನೋಡಿದೆ..." ಅವನ ಮಾತು ನಿಧಾನವಾಯಿತು. ಪೆನ್ನಿನ ಶಾಯಿಗೂ ಸ್ಪಿರಿಟ್ಟಿಗೂ ಆಗಿಬರುವುದಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು.

"ಮೊದಲು ಒರೆಸಿ, ಆಮೇಲೆ ಓದೋಕೆ ಹೋದ್ಯಾ?"

ಎಲೊರ್ಮ್ ಎಲೆಯನ್ನು ಪಕ್ಕಕ್ಕಿಟ್ಟ. "ಒಂದು ಬಾರಿಸಿಬಿಡು ಅಕ್ಕ, ಕೆನ್ನೆಗೆ."

ಅಬ್ರಫಿಗೆ ಸಿಟ್ಟಿಗಿಂತ ಮೊದಲು ಸಮಾಧಾನವಾಯಿತು. ಅಣುವಿನದು ತಪ್ಪಿಲ್ಲ. ಉಪವಾಸ ಮುರಿದ ಕೋಶಗಳ ಫಿಲಮಿಗೆ ಬೆಲೆಯಿಲ್ಲ. ಬಿಸಾಡಿ, ಶುಕ್ರವಾರದೊಳಗೆ ಮತ್ತೊಮ್ಮೆ ಮಾಡಬಹುದು. ಕಸದ ಬುಟ್ಟಿಯವರೆಗೆ ಹೋದವಳು ಅಲ್ಲೇ ನಿಂತಳು. ಸೀರಮಿನಲ್ಲಿ ಹತ್ತಾರು ಬಗೆಯ ಬೆಳವಣಿಗೆಯ ಅಂಶಗಳಿರುತ್ತವೆ, ಒಂದೊಂದಕ್ಕೂ ಅದರದೇ ಬಾಗಿಲು. 'ಈ ಅಣು ಒಳಗಿನ ಸರಪಳಿಯನ್ನೇ ತುಂಡರಿಸುತ್ತದೆ' ಎಂದು ಅವಳು ಪ್ರೊಫೆಸರಿಗೆ ಬರೆದುಕೊಟ್ಟಿದ್ದಳು. ಸರಪಳಿ ತುಂಡಾಗಿದ್ದರೆ ಯಾರು ಯಾವ ಬಾಗಿಲು ತಟ್ಟಿದರೂ ಸುದ್ದಿ ಮುಟ್ಟಬಾರದಿತ್ತು. ಮುಟ್ಟಿದೆ. ಹಾಗಾದರೆ ಅಣು ಒಂದು ಬಾಗಿಲನ್ನು ಮಾತ್ರ ಅಡ್ಡಗಟ್ಟಿ ನಿಂತಿದೆ. ಬರೆದದ್ದು ತಪ್ಪು. ಈ ಫಿಲಂ ಬುಟ್ಟಿಗೆ ಬಿದ್ದರೆ ಯಾರೂ ಕೇಳುವುದಿಲ್ಲ. ಎಲೊರ್ಮ್‌ನ ಎಡವಟ್ಟು ಒಳ್ಳೆಯ ಮರೆ.

ಅವಳು ಫಿಲಂ ಹಿಡಿದುಕೊಂಡು ಪ್ರೊಫೆಸರ ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿದಳು.

"ಕೆಟ್ಟ ಪ್ರಯೋಗ. ಬಿಸಾಕಿ ಮತ್ತೆ ಮಾಡು" ಎಂದರು ಸಾರ್ಪೊಮಾ.

"ಮಾಡ್ತೀನಿ ಮೇಡಂ. ಆದ್ರೆ ನಾನು ಬರೆದುಕೊಟ್ಟಿದ್ದು ತಪ್ಪಿರಬಹುದು. ಇದು ಸರಪಳಿ ಕಡೀತಿಲ್ಲ, ಒಂದು ಬಾಗಿಲು ಮುಚ್ತಿದೆ, ಅಷ್ಟೇ. ಖಾತ್ರಿಯಿಲ್ಲ. ನನ್ನ ಭಯವೂ ಇರಬಹುದು."

"ಅಂದ್ರೆ, ನೀನು ಹೇಳಿದಷ್ಟು ದೊಡ್ಡ ಅಣು ಅಲ್ಲ."

"ಅಲ್ಲ ಮೇಡಂ."

"ನೀನು ಬಾಯಿ ಬಿಡದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ಲ."

"ಇಲಿಗೆ ಗೊತ್ತಾಗ್ತಿತ್ತು ಮೇಡಂ."

ಪ್ರೊಫೆಸರು ತಲೆಯ ಮೇಲಿದ್ದ ಕನ್ನಡಕ ಇಳಿಸಿ ಫಿಲಂ ನೋಡಿದರು. "ಅವನು ತಿಳಿಯದೆ ಮಾಡಿದ್ದನ್ನ ನೀನು ಬೇಕಂತಲೇ ಮಾಡು. ಒಂದು ತಟ್ಟೆಗೆ ಉಪವಾಸ, ಒಂದು ತಟ್ಟೆಗೆ ಊಟ. ಎರಡಕ್ಕೂ ಅಣು ಹಾಕು. ಆಮೇಲೆ ಭಯಪಡೋಣ."

ಈ ಸಲ ಅಬ್ರಫಿ ಶಾಯಿಯನ್ನು ನಂಬದೆ, ಮುಚ್ಚಳದ ಮೇಲೆ ಟೇಪು ಅಂಟಿಸಿ ಪೆನ್ಸಿಲಿನಲ್ಲಿ ಬರೆದಳು. ಊಟದ ತಟ್ಟೆಗೆ ಸೀರಂ ಹಾಕಿದವನು ಎಲೊರ್ಮ್. ಹಾಕುವ ಮೊದಲು ಟೇಪನ್ನು ಗಟ್ಟಿಯಾಗಿ ಓದಿ ಹೇಳಿದ.

ಶುಕ್ರವಾರ ಬೆಳಿಗ್ಗೆ ಸಾರ್ಪೊಮಾ ಫಿಲಮನ್ನು ಕಿಟಕಿಗೆ ಹಿಡಿದರು. ಉಪವಾಸದ ತಟ್ಟೆಯಲ್ಲಿ ಏನೂ ಕೊಡದ ಕುಳಿ ಖಾಲಿ, ಬೆಳವಣಿಗೆಯ ಅಂಶ ಕೊಟ್ಟದ್ದು ಕಪ್ಪು, ಅದರ ಜೊತೆ ಅಣುವನ್ನೂ ಕೊಟ್ಟದ್ದು ಮತ್ತೆ ಖಾಲಿ. ಊಟದ ತಟ್ಟೆಯಲ್ಲಿ ಅಣು ಇದ್ದರೂ ಇಲ್ಲದಿದ್ದರೂ ಕಪ್ಪೇ.

"ಒಂದೇ ಬಾಗಿಲು" ಎಂದರು. "ಸಣ್ಣದು. ಆದ್ರೆ ಮೂರು ಸಲ ಅದನ್ನೇ ಹೇಳಿದೆ. ನೀನು ಬರೆದಿದ್ದ ವಾಕ್ಯ ಹೊಡೆದುಹಾಕು, ಇದನ್ನ ಬರಿ. ಸೋಮವಾರ ಇಲಿ ಮನೆಯೋರ ಹತ್ರ ಮಾತಾಡು."

ಅಬ್ರಫಿ ಅಲ್ಲೇ ನಿಂತು ವಾಕ್ಯ ತಿದ್ದಿದಳು. ಹೊಸದು ಹಳೆಯದಕ್ಕಿಂತ ಗಿಡ್ಡವಾಗಿತ್ತು. ಅದನ್ನೂ ಎರಡು ಸಲ ಓದಿದ ಮೇಲೆಯೇ ಕೊಟ್ಟಳು.

ಜಗಲಿಯಲ್ಲಿ ಎಲೊರ್ಮ್ ಎಲೆ ಬಿಚ್ಚದೆ ಕಾಯುತ್ತಿದ್ದ. "ಏನಾಯ್ತಕ್ಕ?"

"ಅಣು ಇಲಿಗೆ ಹೋಗುತ್ತೆ. ನಿನ್ನ ಧಾರಾಳತನಾನೂ ಕೆಲಸಕ್ಕೆ ಬಂತು. ಇನ್ನೊಂದ್ಸಲ ಮಾಡ್ಬೇಡ."

"ಹಾಗಾದ್ರೆ ಬಾ, ಕೈ ಹಾಕು."

ಅಬ್ರಫಿ ಕೈ ತೊಳೆಯಲು ಹೋದಳು.